ಊರಿನ ಹಳೇ ಹೋಟ್ಲುಗಳು: ಜನ ಪದೇ ಪದೇ ಕೇಳುವ ಪ್ರಶ್ನೆಗಳು

ಊರಿಂದ ಬರುವ ನೆಂಟರು ಫೋನ್ ಮಾಡಿ ಕೇಳುತ್ತಾರೆ. ಆಫೀಸಿಗೆ ಹೊಸದಾಗಿ ಸೇರಿದ ಹುಡುಗರು ಕೇಳುತ್ತಾರೆ. ಪತ್ರ ಬರೆದು ಕೇಳಿದವರೂ ಇದ್ದಾರೆ. "ಚೈನ್ ಹೋಟ್ಲು ಬೇಡ, ಮಾಲ್ ಬೇಡ, ಊರಿನವರು ಹೋಗೋ ಜಾಗ ಹೇಳಿ." ಹಾಗೆ ಕೇಳಿದ ಪ್ರಶ್ನೆಗಳನ್ನು ಅವರ ಮಾತಲ್ಲೇ ಇಟ್ಟು ಉತ್ತರ ಬರೆದಿದ್ದೇನೆ. ಹೆಚ್ಚಿನದು ಬೆಂಗಳೂರಿನ ಮಾತು. ಅಲ್ಲಲ್ಲಿ ಬೇರೆ ಊರುಗಳೂ ಬರುತ್ತವೆ.

## ಮೊದಲ ಸಲ ಹೋಗುವವರಿಗೆ

ಎರಡೇ ದಿನಕ್ಕೆ ಬೆಂಗಳೂರಿಗೆ ಬರ್ತಿದೀನಿ. ಯಾವ ಹೋಟ್ಲಿಗೆ ಹೋಗ್ಲಿ?

ಒಂದು ಬೆಳಿಗ್ಗೆ ಬಸವನಗುಡಿ ಕಡೆ ಹೋಗಿ. ಇನ್ನೊಂದು ಬೆಳಿಗ್ಗೆ ಮಲ್ಲೇಶ್ವರಕ್ಕೆ ಇರಲಿ. ಎರಡೂ ಕಡೆಗೆ ಹಸಿರು ಮೆಟ್ರೋದಲ್ಲೇ ಹೋಗಬಹುದು, ಆಟೋದವರ ಜೊತೆ ಚೌಕಾಸಿ ಬೇಕಿಲ್ಲ.

ಬಸವನಗುಡಿ ಕಡೆಗಾದರೆ ನ್ಯಾಷನಲ್ ಕಾಲೇಜು ಸ್ಟೇಷನ್ನಿನಲ್ಲಿ ಇಳಿಯಿರಿ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನದಲ್ಲಿ ಮಸಾಲೆ ದೋಸೆ ತಿನ್ನಿ. ಅಲ್ಲಿಂದ ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್‌ಗೆ ನಡೆದೇ ಹೋಗಬಹುದು. ಅಷ್ಟರಲ್ಲಿ ಒಂದು ಇಡ್ಲಿಗೆ ಜಾಗ ಆಗಿರುತ್ತದೆ. ಮಲ್ಲೇಶ್ವರಕ್ಕಾದರೆ ಸಂಪಿಗೆ ರಸ್ತೆ ಸ್ಟೇಷನ್. 7ನೇ ಕ್ರಾಸಿನ ಸಿಟಿಆರ್‌ನಲ್ಲಿ ಬೆಣ್ಣೆ ಮಸಾಲೆ, 15ನೇ ಕ್ರಾಸಿನ ವೀಣಾ ಸ್ಟೋರ್ಸ್‌ನಲ್ಲಿ ಇಡ್ಲಿ. ಎಂಟಿಆರ್ ಬೇಕೇ ಬೇಕು ಅಂದರೆ ಅದಕ್ಕೇ ಒಂದು ಬೆಳಿಗ್ಗೆ ಎತ್ತಿಡಿ. ಬೇರೆ ಹೋಟ್ಲಿನ ಜೊತೆ ಸೇರಿಸಬೇಡಿ. ಅಲ್ಲಿ ಹಸಿದು ಹೋಗಿ ಕೂರಬೇಕು.

ಟಿಫಿನ್ ರೂಮ್, ಭವನ, ದರ್ಶಿನಿ, ಖಾನಾವಳಿ, ಮಿಲಿಟರಿ ಹೋಟೆಲ್... ಏನ್ ವ್ಯತ್ಯಾಸ ಇವಕ್ಕೆಲ್ಲ?

ಟಿಫಿನ್ ರೂಮ್, ಭವನ ಅಂದರೆ ಕೂತು ತಿಂಡಿ ತಿನ್ನುವ ಜಾಗ. ಸಪ್ಲೈಯರ್ ಬಂದು ಕೇಳುತ್ತಾರೆ, ತಂದು ಕೊಡುತ್ತಾರೆ.

ದರ್ಶಿನಿ ಇತ್ತೀಚಿನದು. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾಯಿತು. ಗಲ್ಲಾದಲ್ಲಿ ದುಡ್ಡು ಕೊಟ್ಟು ಟೋಕನ್ ತಗೊಳ್ಳೋದು, ಕೌಂಟರಿನಲ್ಲಿ ಕೊಟ್ಟು ಪ್ಲೇಟ್ ತಗೊಳ್ಳೋದು, ನಿಂತೇ ತಿನ್ನೋದು. ಅಡುಗೆ ಮನೆ ಕಣ್ಣೆದುರೇ ಇರುತ್ತದೆ. ಜಾಗ ಕಡಿಮೆ, ಸಪ್ಲೈಯರ್ ಇಲ್ಲ. ಹಾಗಾಗಿ ಬೆಲೆಯೂ ಕಡಿಮೆ. ಈ ಪದ್ಧತಿ ಇಡೀ ಊರಿಗೆ ಹಬ್ಬಿತು.

ಖಾನಾವಳಿ ಉತ್ತರ ಕರ್ನಾಟಕದ್ದು, ಊಟದ ಜಾಗ. ಮಿಲಿಟರಿ ಹೋಟೆಲ್ ಅಂದರೆ ಮಾಂಸದೂಟ. ಅದಕ್ಕೆ ಕೆಳಗೆ ಬೇರೆ ಉತ್ತರ ಇದೆ.

ಅಷ್ಟು ದೂರದಿಂದ ಹೋದೆ, ಬಾಗಿಲು ಹಾಕಿತ್ತು! ಯಾವ್ಯಾವ ದಿನ ರಜಾ?

ಇದು ತುಂಬಾ ಜನಕ್ಕೆ ಆಗುತ್ತದೆ. ಹಳೇ ಹೋಟ್ಲುಗಳಿಗೆ ವಾರದ ರಜೆ ಇರುತ್ತದೆ, ಆ ದಿನ ಒಂದೊಂದಕ್ಕೂ ಬೇರೆ. ಲಾಲ್‌ಬಾಗ್ ರಸ್ತೆಯ ಎಂಟಿಆರ್‌ಗೆ ಸೋಮವಾರ. ವಿದ್ಯಾರ್ಥಿ ಭವನಕ್ಕೆ ಶುಕ್ರವಾರ. ಬ್ರಾಹ್ಮಿನ್ಸ್ ಕಾಫಿ ಬಾರ್‌ಗೆ ಭಾನುವಾರ. ಹಬ್ಬದ ದಿನ ಕೇಳಲೇಬೇಡಿ, ಫೋನ್ ಮಾಡಿಯೇ ಹೋಗಿ.

ಮಧ್ಯಾಹ್ನದ ಬಿಡುವನ್ನೂ ಮರೀಬೇಡಿ. ತಿಂಡಿ ಹೋಟ್ಲುಗಳಲ್ಲಿ ಬೆಳಗಿನ ಪಾಳಿ ಮುಗಿದ ಮೇಲೆ ಒಲೆ ಆರಿಸುತ್ತಾರೆ, ಸಂಜೆ ಮತ್ತೆ ಹಚ್ಚುತ್ತಾರೆ. ಮಧ್ಯಾಹ್ನ ಎರಡು ಗಂಟೆಗೆ ದೋಸೆ ಹುಡುಕಿಕೊಂಡು ಹೋದರೆ ಸಿಕ್ಕುವುದು ತೊಳೆದಿಟ್ಟ ನೆಲ ಮಾತ್ರ. ಈ ರಜೆ, ಈ ಬಿಡುವು ನನಗೆ ಇಷ್ಟ. ಬೆಳಗಿನ ಜಾವ ಎದ್ದು ಒಲೆ ಹಚ್ಚಿದವರಿಗೆ ಅದು ಬೇಕು.

ಟೇಬಲ್ ಬೇರೆಯವರ ಜೊತೆ ಹಂಚ್ಕೋಬೇಕಂತೆ, ಹೌದಾ? ಮುಜುಗರ ಆಗಲ್ವಾ?

ಹೌದು, ಹಂಚಿಕೊಳ್ಳಬೇಕು. ಇಬ್ಬರು ಹೋಗಿ ನಾಲ್ಕು ಜನರ ಟೇಬಲ್ಲಿನಲ್ಲಿ ಕೂತರೆ ಇನ್ನಿಬ್ಬರು ಬಂದು ಕೂರುತ್ತಾರೆ. ಯಾರೂ ಯಾರನ್ನೂ ಮಾತಾಡಿಸಬೇಕು ಅಂತಿಲ್ಲ. ಸ್ವಲ್ಪ ಸರಿದು ಜಾಗ ಕೊಟ್ಟರೆ ಸಾಕು. ತಿಂದಾದ ಮೇಲೆ ಹರಟೆ ಹೊಡೀತಾ ಕೂರಬೇಡಿ, ನಿಮ್ಮ ಕುರ್ಚಿಯ ಹಿಂದೆಯೇ ಒಬ್ಬರು ನಿಂತಿರುತ್ತಾರೆ. ಹರಟೆಗೆ ಬೇರೆ ಜಾಗಗಳಿವೆ.

ಕಾಫಿ ಬೈ ಟು ಕೇಳೋಕೆ ಸಂಕೋಚ ಬೇಡ. ಬೆಂಗಳೂರಿನಲ್ಲಿ ಅದು ಕಂಜೂಸುತನ ಅಲ್ಲ, ಸ್ನೇಹ.

## ಏನು ತಿನ್ನಬೇಕು

ಎಂಟಿಆರ್‌ನಲ್ಲಿ ಗಂಟೆಗಟ್ಲೆ ಕಾಯ್ಬೇಕಂತೆ. ಅಷ್ಟಕ್ಕೆಲ್ಲ ಲಾಯಕ್ಕಾ ಅದು?

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಹೋಗಿ ಒಂದು ಗಂಟೆ ಕಾಯಿರಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ವಾರದ ಮಧ್ಯೆ, ಬಾಗಿಲು ತೆರೆಯುವ ಹೊತ್ತಿಗೆ ಹೋಗಿ. ಆಗ ಖಂಡಿತ ಲಾಯಕ್ಕು.

ಈ ಹೋಟ್ಲಿಗೆ 100 ವರ್ಷ ದಾಟಿದೆ. 1924ರಲ್ಲಿ ಕುಂದಾಪುರ–ಉಡುಪಿ ಕಡೆಯಿಂದ ಬಂದ ಮಯ್ಯ ಸಹೋದರರು ಬ್ರಾಹ್ಮಿನ್ ಕಾಫಿ ಕ್ಲಬ್ ಅಂತ ಶುರು ಮಾಡಿದರು. ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪಿಗೆ ಹೋಗಿ ಅಲ್ಲಿನ ಹೋಟ್ಲುಗಳ ಶುಚಿ ನೋಡಿ ಬಂದರು. ಬಂದವರೇ ತಟ್ಟೆ ಲೋಟಗಳನ್ನು ಬಿಸಿಯಲ್ಲಿ ಶುದ್ಧ ಮಾಡುವ ಪದ್ಧತಿ ತಂದರು. ಗಿರಾಕಿಗಳು ಅಡುಗೆ ಮನೆ ನೋಡಿಕೊಂಡೇ ಒಳಗೆ ಹೋಗಲಿ ಅಂದರು. 1960ರಲ್ಲಿ ಈಗಿನ ಕಟ್ಟಡಕ್ಕೆ ಬಂದಾಗ ಮಾವಳ್ಳಿ ಟಿಫಿನ್ ರೂಮ್ಸ್ ಅನ್ನುವ ಹೆಸರು ಬಂತು.

ತಿನ್ನಬೇಕಾದ್ದು ರವೆ ಇಡ್ಲಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಬರ್ಮಾದ ಅಕ್ಕಿ ಬರುವುದು ನಿಂತು ಹೋಯಿತು. ಅಕ್ಕಿ ಬದಲು ರವೆ ಹಾಕಿ ಇಡ್ಲಿ ಮಾಡಿದ್ದು ತಾವೇ ಅಂತ ಎಂಟಿಆರ್‌ನವರು ಹೇಳುತ್ತಾರೆ. ಗೋಡಂಬಿ, ಸಾಸಿವೆ, ಕೊತ್ತಂಬರಿ ಸೊಪ್ಪು, ಜೊತೆಗೆ ಆಲೂಗಡ್ಡೆ ಸಾಗು. ಆಮೇಲೆ ಬೆಳ್ಳಿ ಲೋಟದ ಕಾಫಿ. ಮೊದಲ ಸಲ ಇಷ್ಟೇ ಸಾಕು. ಸಿಹಿ ಇಷ್ಟ ಇದ್ದು, ಜನಜಂಗುಳಿಯನ್ನೂ ತಡೆಯುತ್ತೇನೆ ಅನ್ನುವವರು ಭಾನುವಾರ ಹೋಗಿ ಚಂದ್ರಹಾರ ಕೇಳಿ.

ವಿದ್ಯಾರ್ಥಿ ಭವನದಲ್ಲಿ ದೋಸೆಗೆ ಸಾಂಬಾರ್ ಯಾಕೆ ಕೊಡಲ್ಲ?

ಬೇಕಾಗಿಲ್ಲ, ಅದಕ್ಕೇ. ಅವರ ದೋಸೆ ದಪ್ಪ. ಹೊರಗೆ ಕೆಂಪಗೆ ಗರಿಗರಿ, ಒಳಗೆ ಮೆತ್ತಗೆ, ಮೈತುಂಬ ತುಪ್ಪ. ಅದಕ್ಕೆ ತೆಳ್ಳಗಿನ ಕಾಯಿ ಚಟ್ನಿ ಸೇರಬೇಕು. ಸಪ್ಲೈಯರ್ ಚಟ್ನಿ ಹಿಡಿದುಕೊಂಡು ಓಡಾಡುತ್ತಲೇ ಇರುತ್ತಾರೆ, ಎಷ್ಟು ಬೇಕಾದರೂ ಹಾಕಿಸಿಕೊಳ್ಳಿ. ಸಾಂಬಾರ್ ಹಾಕಿದರೆ ಆ ತುಪ್ಪದ ಘಮ ಮುಳುಗಿ ಹೋಗುತ್ತದೆ. ಬ್ರಾಹ್ಮಿನ್ಸ್ ಕಾಫಿ ಬಾರ್‌ನಲ್ಲೂ ಇಷ್ಟೇ. ಅಲ್ಲಿ ಇಡ್ಲಿ, ವಡೆ, ಖಾರಾಭಾತ್, ಕೇಸರಿಭಾತ್, ಕುಡಿಯೋಕೆ ಕಾಫಿ, ಟೀ. ಸಾಂಬಾರ್ ಇಲ್ಲ. 1965ರಿಂದ ಜನ ಆ ಚಟ್ನಿಗೇ ಹೋಗುತ್ತಿದ್ದಾರೆ.

ವಿದ್ಯಾರ್ಥಿ ಭವನ 1943ರದ್ದು. ಹೆಸರೇ ಹೇಳುವ ಹಾಗೆ ಸುತ್ತಲಿನ ವಿದ್ಯಾರ್ಥಿಗಳಿಗೆ ಅಂತ ಶುರುವಾದದ್ದು. ಅಲ್ಲಿ ಹೋದಾಗ ಸಪ್ಲೈಯರ್ ಕೈ ಕಡೆ ನೋಡಿ. ಮೊಣಕೈವರೆಗೂ ದೋಸೆ ಪ್ಲೇಟುಗಳನ್ನು ಒಂದರ ಮೇಲೊಂದು ಜೋಡಿಸಿಕೊಂಡು ಜನರ ಮಧ್ಯೆ ಬರುತ್ತಾರೆ. ಚಿಕ್ಕ ಹುಡುಗನಾಗಿದ್ದಾಗ ನಾನು ದೋಸೆ ತಿನ್ನುವುದು ಬಿಟ್ಟು ಅದನ್ನೇ ನೋಡುತ್ತಿದ್ದೆ. ಈಗಲೂ ನೋಡುತ್ತೇನೆ.

ಸಿಟಿಆರ್ ಅಂತ ಹುಡುಕ್ಕೊಂಡು ಹೋದ್ರೆ ಶ್ರೀ ಸಾಗರ್ ಅಂತ ಬೋರ್ಡ್ ಇದೆ. ಅದೇನಾ? ವಿದ್ಯಾರ್ಥಿ ಭವನಕ್ಕಿಂತ ಚೆನ್ನಾಗಿರುತ್ತಾ?

ಅದೇ. ಮೊದಲು ಸೆಂಟ್ರಲ್ ಟಿಫಿನ್ ರೂಮ್, ಈಗ ಶ್ರೀ ಸಾಗರ್. ಮಲ್ಲೇಶ್ವರದವರ ಬಾಯಲ್ಲಿ ಮಾತ್ರ ಸಿಟಿಆರ್ ಆಗಿಯೇ ಉಳಿದಿದೆ.

ಎರಡರಲ್ಲಿ ಯಾವುದು ಮೇಲು ಅನ್ನುವ ಜಗಳ ಹಳೆಯದು. ಎರಡೂ ಬೇರೆ ಬೇರೆ ದೋಸೆ. ಸಿಟಿಆರ್‌ನದ್ದು ಬೆಣ್ಣೆಯ ದೋಸೆ, ಕಚ್ಚಿದರೆ ಜಾಸ್ತಿ ಗರಿ. ನನ್ನ ಓಟು ಸಿಟಿಆರ್‌ಗೆ. ಆದರೆ ತಿಂದ ಐದು ನಿಮಿಷದ ಮಟ್ಟಿಗೆ ಮಾತ್ರ. ಎರಡು ದಿನ ಬಿಟ್ಟು ನೆನಪಾಗುವುದು ಗಾಂಧಿ ಬಜಾರಿನ ದೋಸೆ. ಎರಡನ್ನೂ ತಿಂದು ನೀವೇ ಹೇಳಿ.

ಮಕ್ಕಳು ಬರ್ಗರ್ ಬರ್ಗರ್ ಅಂತ ಪ್ರಾಣ ತಿಂತಾರೆ. ನಮ್ಮೂರಿನದ್ದೇ ಅಂತ ಏನಾದ್ರೂ ಇದೆಯಾ?

ಇದೆ! ಕಾಂಗ್ರೆಸ್ ಬನ್. ಸಿಹಿ ಬನ್ನನ್ನು ಅಡ್ಡ ಸೀಳಿ, ಒಳಗೆ ಧಾರಾಳವಾಗಿ ಬೆಣ್ಣೆ ಸವರಿ, ಅದರ ಮೇಲೆ ಕಾಂಗ್ರೆಸ್ ಕಡ್ಲೆಕಾಯಿ ಒತ್ತಿ ಮುಚ್ಚಿ ಕೊಡುತ್ತಾರೆ. ಕಾಂಗ್ರೆಸ್ ಕಡ್ಲೆಕಾಯಿ ಅಂದರೆ ಹುರಿದು, ಸಿಪ್ಪೆ ತೆಗೆದು, ಎರಡು ಹೋಳು ಮಾಡಿದ ಬೀಜಕ್ಕೆ ಖಾರ, ಉಪ್ಪು, ಕರಿಬೇವು ಹಾಕಿದ್ದು. 1969ರಲ್ಲಿ ಕಾಂಗ್ರೆಸ್ ಪಕ್ಷ ಎರಡು ಹೋಳಾಯಿತಲ್ಲ, ಹೋಳಾದ ಬೀಜಕ್ಕೆ ಅದೇ ಹೆಸರು ಬಿತ್ತು ಅನ್ನುತ್ತಾರೆ. ಆ ವರ್ಷ ಪಕ್ಷದ ದೊಡ್ಡ ಸಭೆ ನಡೆದದ್ದೂ ಇಲ್ಲೇ, ಲಾಲ್‌ಬಾಗ್ ಗಾಜಿನ ಮನೆಯಲ್ಲಿ.

ತಿನ್ನಬೇಕಾದ ಜಾಗ ವಿಶ್ವೇಶ್ವರಪುರದ ವಿ.ಬಿ. ಬೇಕರಿ. 1953ರಿಂದ ಇದೆ. ಸಿಹಿ ಬನ್ನು, ಉಪ್ಪು ಬೆಣ್ಣೆ, ಖಾರದ ಬೀಜ, ಮೂರೂ ಒಂದೇ ತುತ್ತಿಗೆ ಬರುತ್ತವೆ. ನನ್ನ ಅಣ್ಣನ ಮಗಳಿಗೆ ಮೊದಲ ಸಲ ಕೊಡಿಸಿದಾಗ ಅರ್ಧ ನನಗೆ ಕೊಡುತ್ತೇನೆ ಅಂದಿದ್ದಳು. ಕೊಡಲಿಲ್ಲ. ಅಲ್ಲೇ ಪಕ್ಕದಲ್ಲಿ ತಿಂಡಿ ಬೀದಿ ಇದೆ, ಸಂಜೆ ಹೋದರೆ ಎರಡೂ ಆಗುತ್ತದೆ.

ಖಾರಾ ಬನ್, ಆಲೂ ಬನ್, ದಿಲ್‌ಪಸಂದ್ ಇವೆಲ್ಲ ಅಯ್ಯಂಗಾರ್ ಬೇಕರಿಗಳ ಕಡೆಯಿಂದ ಬಂದವು. ಹಾಸನದ ಕಡೆಯ ಅಯ್ಯಂಗಾರರು 1898ರಲ್ಲಿ ಚಿಕ್ಕಪೇಟೆಯಲ್ಲಿ ಮೊದಲ ಬೇಕರಿ ಇಟ್ಟರು. ಮೊಟ್ಟೆ ಹಾಕದ ತಿನಿಸು ಅಂತ ಮಡಿವಂತರ ಮನೆಗಳಿಗೂ ಬನ್ನು ಹೋಯಿತು.

ನಾವು ಬಾಡೂಟದವರು. ನೀವು ಬರೀ ದೋಸೆ ಇಡ್ಲಿ ಹೇಳ್ತಿದೀರಲ್ಲ?

ಸರಿಯಾದ ತಕರಾರು. ಬೆಂಗಳೂರಿನ ಹೋಟ್ಲು ಅಂದರೆ ಬರೀ ತಿಂಡಿಯಲ್ಲ.

ಮಿಲಿಟರಿ ಹೋಟ್ಲುಗಳನ್ನು ಮೊದಲು ಇಟ್ಟವರಲ್ಲಿ ಮರಾಠಿ ಮನೆಮಾತಿನವರು ಜಾಸ್ತಿ. ರಾವ್, ಶಿವಾಜಿ ಅನ್ನುವ ಹೆಸರುಗಳು ಅದಕ್ಕೇ. ಕಾಟನ್‌ಪೇಟೆಯ ಎಸ್.ಜಿ. ರಾವ್ಸ್ ಮಿಲಿಟರಿ ಹೋಟೆಲ್ 1908ರಷ್ಟು ಹಳೆಯದು, ಎಂಟಿಆರ್‌ಗಿಂತ ಹಿಂದಿನದು. ಜಯನಗರದ ಶಿವಾಜಿ ಮಿಲಿಟರಿ ಹೋಟೆಲ್‌ನಲ್ಲಿ ದೊನ್ನೆ ಬಿರಿಯಾನಿ ಕೇಳಿ. ಒಣ ಎಲೆಯ ದೊನ್ನೆಯಲ್ಲಿ ಕೊಡುತ್ತಾರೆ. ಜೀರಿಗೆ ಸಾಂಬ ಅಕ್ಕಿ, ಪುದೀನ, ಕೊತ್ತಂಬರಿ, ಹಸಿಮೆಣಸಿನಕಾಯಿ. ಕೇಸರಿ, ಗುಲಾಬಿ ನೀರು ಯಾವುದೂ ಇಲ್ಲ. ಹೈದರಾಬಾದಿನ ಬಿರಿಯಾನಿ ಮನಸ್ಸಲ್ಲಿಟ್ಟುಕೊಂಡು ಹೋಗಬೇಡಿ. ಇದು ಹಸಿರು ಮಸಾಲೆಯ ಪಲಾವಿನ ಜಾತಿ.

ರಾಗಿ ಮುದ್ದೆ, ಕಾಲು ಸೂಪು, ಕೈಮ ಉಂಡೆ, ತಲೆಮಾಂಸ ಸಿಗುವುದೂ ಇಂಥ ಕಡೆಯೇ. ಒಂದು ಮಾತು: ಮಧ್ಯಾಹ್ನ ಒಂದಕ್ಕೆ ಮುಂಚೆ ಹೋಗಿ. ಪಾತ್ರೆ ಖಾಲಿಯಾದರೆ ಖಾಲಿ. ಇನ್ನೊಂದು ಸಲ ಮಾಡುವುದಿಲ್ಲ.

ಅಪ್ಪ ಅಮ್ಮನಿಗೆ ನಿಂತು ತಿನ್ನೋಕಾಗಲ್ಲ, ಗಲಾಟೆನೂ ಆಗಲ್ಲ. ಎಲ್ಲಿಗೆ ಕರ್ಕೊಂಡು ಹೋಗ್ಲಿ?

ಲಾವೆಲ್ಲೆ ರಸ್ತೆ ಹತ್ತಿರದ ಏರ್‌ಲೈನ್ಸ್ ಹೋಟೆಲ್. ಮರಗಳ ಕೆಳಗೆ ಕುರ್ಚಿ, ಬೇಕಾದಷ್ಟು ಹೊತ್ತು ಕೂರಬಹುದು. ಕಾರಿನಿಂದ ಇಳಿಯೋಕೆ ಆಗದವರಿಗೆ ಕಾರಿಗೇ ತಂದುಕೊಡುವ ಪದ್ಧತಿ ಅಲ್ಲಿಯದು. ಅಲ್ಲಿನ ದೋಸೆ ಊರಿಗೇ ಮೊದಲನೆಯದಲ್ಲ. ಆದರೆ ಆ ನೆರಳು ಬೇರೆಲ್ಲೂ ಇಲ್ಲ.

ಚರ್ಚ್ ಸ್ಟ್ರೀಟಿನ ಇಂಡಿಯಾ ಕಾಫಿ ಹೌಸ್ ಕೂಡ ಒಳ್ಳೆಯದು. ಪೇಟ ಕಟ್ಟಿದ ಸಪ್ಲೈಯರುಗಳು, ಆಮ್ಲೆಟ್, ಕಟ್ಲೆಟ್, ಕಾಫಿ. ಕೆಲಸಗಾರರೇ ಸಹಕಾರ ಸಂಘ ಮಾಡಿಕೊಂಡು ನಡೆಸುವ ಜಾಗ. 2009ರವರೆಗೂ ಎಂ.ಜಿ. ರಸ್ತೆಯಲ್ಲಿತ್ತು. ನಿಮ್ಮ ತಂದೆಯವರು ಆ ಹಳೇ ಜಾಗ ಕಂಡವರಾದರೆ ಅಲ್ಲಿನ ಮಾತು ತೆಗೆಯಿರಿ, ಕಾಫಿ ಎರಡು ಸಲ ತರಿಸಬೇಕಾಗುತ್ತದೆ.

## ಬೆಂಗಳೂರಿನಾಚೆ

ಮೈಸೂರಲ್ಲಿ ಎರಡು ಮೈಲಾರಿ ಇದೆಯಲ್ಲ, ಅಸಲಿ ಯಾವ್ದು?

ಎರಡೂ ನಜರ್‌ಬಾದಿನಲ್ಲೇ ಇವೆ, ಒಂದೇ ಮನೆತನದ ಕವಲುಗಳು. ಯಾವುದರಲ್ಲಿ ಜನ ಕಡಿಮೆ ಇದೆಯೋ ಅಲ್ಲಿಗೆ ಹೋಗಿ. ಅಸಲಿ ನಕಲಿ ಅಂತ ತಲೆ ಕೆಡಿಸಿಕೊಳ್ಳುವಷ್ಟರಲ್ಲಿ ದೋಸೆ ಆರುತ್ತದೆ. ಮೈಲಾರಿ ದೋಸೆ ಗರಿಗರಿ ಅಲ್ಲ. ಕೈಗೆ ಹತ್ತಿಯ ಹಾಗೆ ಸಿಗುತ್ತದೆ. ಒಳಗೆ ಸಾಗು, ಮೇಲೆ ಕರಗುತ್ತಿರುವ ಬೆಣ್ಣೆ, ಪಕ್ಕದಲ್ಲಿ ಕಾಯಿ ಚಟ್ನಿ. ಒಂದಕ್ಕೆ ನಿಲ್ಲಿಸಿದವರನ್ನು ನಾನು ಕಂಡಿಲ್ಲ.

ಬೇರೆ ಊರುಗಳಿಗೆ ಹೋದಾಗ ಏನು ಬಿಡಬಾರದು?

ದಾವಣಗೆರೆಯಲ್ಲಿ ಬೆಣ್ಣೆ ದೋಸೆ. ಸೌದೆ ಒಲೆ ಇರುವ ಹೋಟ್ಲನ್ನೇ ಹುಡುಕಿ. ಹಿಟ್ಟಿಗೆ ಮಂಡಕ್ಕಿ ರುಬ್ಬಿ ಹಾಕುತ್ತಾರೆ, ಅದಕ್ಕೇ ಆ ಹಗುರ. ಬೆಂಗಳೂರಿನ ತುಂಬ ದಾವಣಗೆರೆ ಬೋರ್ಡುಗಳಿವೆ. ಆದರೆ ಅಲ್ಲಿಯ ಬೆಣ್ಣೆ ಮತ್ತು ಹೊಗೆ ಬಸ್ಸು ಹತ್ತಿ ಬರುವುದಿಲ್ಲ.

ಹುಬ್ಬಳ್ಳಿಯಲ್ಲಿ ಸಂಜೆ ಗಿರ್ಮಿಟ್ ಮತ್ತು ಮಿರ್ಚಿ. ಹುಬ್ಬಳ್ಳಿ, ಧಾರವಾಡ, ಗದಗ ಎಲ್ಲೇ ಆಗಲಿ ಮಧ್ಯಾಹ್ನ ಖಾನಾವಳಿಗೆ ಹೋಗಿ. ಕೈಯಲ್ಲಿ ಬಡಿದ ಜೋಳದ ರೊಟ್ಟಿ, ಎಣಗಾಯಿ, ಕಾಳು ಪಲ್ಯ, ಶೇಂಗಾ ಚಟ್ನಿ, ಮೊಸರು. ಒಳಗಿಂದ ರೊಟ್ಟಿ ಬಡಿಯುವ ಸದ್ದು ಕೇಳುತ್ತಿದ್ದರೆ ಸರಿಯಾದ ಜಾಗಕ್ಕೆ ಬಂದಿದ್ದೀರಿ.

ಉಡುಪಿಯಲ್ಲಿ ರಥಬೀದಿಯ ಮಿತ್ರ ಸಮಾಜ. ಗೋಳಿಬಜೆ ಬಿಸಿಯಾಗಿ ಬಾಣಲೆಯಿಂದ ಎತ್ತುವಾಗಲೇ ತಿನ್ನಬೇಕು.

ಮೈಸೂರು ದಾರಿಯಲ್ಲಿ ಮದ್ದೂರು ವಡೆ. 1917ರಲ್ಲಿ ಮದ್ದೂರು ರೈಲು ನಿಲ್ದಾಣದಲ್ಲಿ ರಾಮಚಂದ್ರ ಬುಧ್ಯ ಅನ್ನುವವರು ಇದನ್ನು ಮಾಡಿದರು ಅಂತ ಹೇಳುತ್ತಾರೆ. ರೈಲು ಬೇಗ ಬಂತಂತೆ. ಪಕೋಡದ ಹಿಟ್ಟನ್ನೇ ತಟ್ಟಿ ಎಣ್ಣೆಗೆ ಬಿಟ್ಟರಂತೆ.

ಎಲ್ಲಿ ಹೋದ್ರೂ ಉಡುಪಿ ಹೋಟೆಲ್ ಅಂತ ಬೋರ್ಡು. ಉಡುಪಿಯವ್ರೇ ಯಾಕೆ?

ಒಂದು ಕಾರಣ ಮಠದ ಅಡುಗೆ ಮನೆ. ಕೃಷ್ಣ ಮಠದಲ್ಲಿ ಸಾವಿರಾರು ಜನಕ್ಕೆ ದಿನವೂ ಅಡುಗೆ ಮಾಡಿ ಕಲಿತ ಕೈಗಳು ಅಲ್ಲಿದ್ದವು. ಇನ್ನೊಂದು ಕಾರಣ ಬಡತನ. 1923ರಲ್ಲಿ ಕರಾವಳಿಯಲ್ಲಿ ದೊಡ್ಡ ನೆರೆ ಬಂತು. ಅದರ ಹಿಂದೆ ಮುಂದೆ ತುಂಬಾ ಹುಡುಗರು ಮದರಾಸು, ಬೆಂಗಳೂರು, ಮುಂಬೈ ಅಂತ ಹೊರಟರು. ತಟ್ಟೆ ತೊಳೆದರು, ಹಿಟ್ಟು ರುಬ್ಬಿದರು. ದುಡ್ಡು ಕೂಡಿದ ಮೇಲೆ ಸ್ವಂತ ಹೋಟ್ಲು ಇಟ್ಟರು, ಊರಿಂದ ಇನ್ನೊಬ್ಬ ಹುಡುಗನನ್ನು ಕರೆಸಿಕೊಂಡರು. ಮದರಾಸಿನಲ್ಲಿ ವುಡ್‌ಲ್ಯಾಂಡ್ಸ್ ಕಟ್ಟಿದ ಕೆ. ಕೃಷ್ಣ ರಾವ್ ಹೀಗೇ ಮೇಲೆ ಬಂದವರು.

ಮುಂಬೈಗೆ ಹೋದರೆ ಮಾಟುಂಗಾ ಸ್ಟೇಷನ್ ಪಕ್ಕದ ಎ. ರಾಮಾ ನಾಯಕ್ ಅವರ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಲ್ಲಿ ಊಟ ಮಾಡಿ. 1942ರದ್ದು. ಬಾಳೆ ಎಲೆ ಊಟ ಹೇಳಿ, ಸಾರು ಎರಡನೇ ಸಲ ಹಾಕಿಸಿಕೊಳ್ಳಿ.

## ಸ್ವಲ್ಪ ಒಳಗಿನ ವಿಷಯ

ಅದೇ ಅಕ್ಕಿ, ಅದೇ ಉದ್ದು. ಮನೇಲಿ ಮಾಡಿದ್ರೆ ಹೋಟ್ಲು ದೋಸೆ ಯಾಕೆ ಬರಲ್ಲ?

ಹಿಟ್ಟಿಗಿಂತ ಕಾವಲಿಯ ವಿಷಯ ಇದು. ಹೋಟ್ಲಿನ ಕಾವಲಿ ದಪ್ಪ ಕಬ್ಬಿಣದ ಹಲಗೆ. ವರ್ಷಗಟ್ಟಲೆ ಎಣ್ಣೆ ಕುಡಿದು ಪಳಗಿರುತ್ತದೆ. ದೋಸೆ ಹಾಕುವ ಮುಂಚೆ ಅದರ ಮೇಲೆ ನೀರು ಚಿಮುಕಿಸಿ ಕಡ್ಡಿ ಪೊರಕೆಯಿಂದ ಗುಡಿಸುತ್ತಾರೆ, ನೋಡಿದ್ದೀರಲ್ಲ? ಬರೀ ಸ್ವಚ್ಛ ಮಾಡುವುದಕ್ಕಲ್ಲ ಅದು. ಕಾವಲಿ ತುಂಬಾ ಕಾದಿದ್ದರೆ ಹಿಟ್ಟು ಬಿದ್ದ ಕೂಡಲೇ ಕಚ್ಚಿಕೊಳ್ಳುತ್ತದೆ, ಹರಡೋಕೆ ಆಗುವುದಿಲ್ಲ. ನೀರು ಮೇಲಿನ ಬಿಸಿಯನ್ನು ಮಾತ್ರ ಇಳಿಸುತ್ತದೆ. ಒಳಗಿನ ಬಿಸಿ ಹಾಗೇ ಇರುತ್ತದೆ. ದೋಸೆ ಹರಡಿದ ಮೇಲೆ ಆ ಬಿಸಿ ಮೇಲೆ ಏರಿ ಬರುತ್ತದೆ. ಆಗ ತಳ ಎಲ್ಲ ಕಡೆ ಒಂದೇ ಸಮ ಕೆಂಪಾಗುತ್ತದೆ.

ಮನೆಯ ತೆಳು ತವಾಗೆ ಅಷ್ಟು ಬಿಸಿ ಹಿಡಿದಿಟ್ಟುಕೊಳ್ಳೋಕೆ ಆಗುವುದಿಲ್ಲ. ಗ್ಯಾಸಿನ ಉರಿ ನಡುವೆ ಮಾತ್ರ ತಾಗುತ್ತದೆ. ಅದಕ್ಕೇ ನಡುವೆ ಸೀದು ಅಂಚು ಬೆಳ್ಳಗಿರುತ್ತದೆ. ಭಾರದ ಕಬ್ಬಿಣದ ಕಾವಲಿ ತನ್ನಿ. ಹಿಟ್ಟನ್ನು ಫ್ರಿಜ್ಜಿನಿಂದ ಒಂದು ಗಂಟೆ ಮುಂಚೆಯೇ ಹೊರಗಿಡಿ. ನೆನೆಸುವಾಗ ಒಂದು ಹಿಡಿ ಕಡ್ಲೆಬೇಳೆ, ಒಂದು ಹಿಡಿ ಅವಲಕ್ಕಿ, ಸ್ವಲ್ಪ ಮೆಂತ್ಯ ಸೇರಿಸಿ. ಹುಯ್ಯುವ ಮುಂಚೆ ಒಂದು ಚಮಚ ಸಕ್ಕರೆ ಹಾಕಿದರೆ ಬಣ್ಣ ಬರುತ್ತದೆ. ಮತ್ತೆ, ತುಪ್ಪಕ್ಕೆ ಕೈ ಹಿಡಿಯಬೇಡಿ. ಮನೆಯಲ್ಲಿ ನಾವು ಹಾಕುವುದಕ್ಕೂ ಅವರು ಹಾಕುವುದಕ್ಕೂ ಎಷ್ಟು ವ್ಯತ್ಯಾಸ ಅಂತ ಕಾವಲಿ ಪಕ್ಕ ನಿಂತು ನೋಡಿದರೆ ಗೊತ್ತಾಗುತ್ತದೆ.

ಗೊತ್ತಿಲ್ಲದ ಊರಲ್ಲಿ ಒಂದು ಹೋಟ್ಲು ಚೆನ್ನಾಗಿದೆಯಾ ಅಂತ ಒಳಗೆ ಹೋಗೋ ಮುಂಚೆ ಹೇಗೆ ಹೇಳ್ತೀರಾ?

ಮೊದಲು ಬೋರ್ಡಿನಲ್ಲಿ ಎಷ್ಟು ತಿಂಡಿ ಬರೆದಿದೆ ನೋಡುತ್ತೇನೆ. ಎಂಟು ಹತ್ತು ಇದ್ದರೆ ಒಳಗೆ. ದೋಸೆ, ನೂಡಲ್ಸ್, ಪಾವ್‌ಭಾಜಿ, ಪಿಜ್ಜಾ ಎಲ್ಲ ಇದ್ದರೆ ಮುಂದೆ. ಒಂದೇ ಅಡುಗೆ ಮನೆ ಅಷ್ಟೆಲ್ಲ ಚೆನ್ನಾಗಿ ಮಾಡೋಕೆ ಆಗುವುದಿಲ್ಲ. ಆಮೇಲೆ ತಿನ್ನುತ್ತಿರುವವರು ಯಾರು ಅಂತ ನೋಡುತ್ತೇನೆ. ಪಕ್ಕದ ಅಂಗಡಿಯವರು, ಬ್ಯಾಂಕಿನವರು, ಆಟೋದವರು ಅಕ್ಕಪಕ್ಕ ನಿಂತಿದ್ದರೆ ಒಳ್ಳೆಯ ಲಕ್ಷಣ. ದಿನಾ ಬರುವವರಿಗೆ ಒಂದು ದಿನ ಹುಳಿ ಚಟ್ನಿ ಕೊಟ್ಟರೂ ಮಾರನೇ ದಿನ ಬರುವುದಿಲ್ಲ.

ಮೂರನೆಯದು ಯಜಮಾನರು. ಗಲ್ಲಾದ ಮೇಲೆ ಕೂತವರ ಕಣ್ಣು ದುಡ್ಡಿನ ಮೇಲಿದೆಯೋ ತಟ್ಟೆಗಳ ಮೇಲಿದೆಯೋ? ನಾನು ಹದಿನೈದು ವರ್ಷ ಹೋಗುತ್ತಿದ್ದ ಒಂದು ಹೋಟ್ಲಿತ್ತು. ಹೆಸರು ಬೇಡ. ಯಜಮಾನರು ಗಿರಾಕಿ ಬಿಟ್ಟು ಹೋದ ತಟ್ಟೆ ನೋಡಿ "ಯಾಕೆ, ಪಲ್ಯಕ್ಕೆ ಉಪ್ಪು ಜಾಸ್ತಿ ಆಗಿತ್ತಾ?" ಅಂತ ಕೇಳುತ್ತಿದ್ದರು. ಆಮೇಲೆ ಊರ ತುಂಬ ಬ್ರಾಂಚ್ ಆದವು. ಚಟ್ನಿ ಒಂದೇ ಕಡೆ ರುಬ್ಬಿ ವ್ಯಾನಿನಲ್ಲಿ ಬರತೊಡಗಿತು. ನನ್ನ ತಟ್ಟೆಯಲ್ಲಿ ಅರ್ಧ ದೋಸೆ ಉಳಿದ ದಿನ ಕೇಳುವವರು ಯಾರೂ ಇರಲಿಲ್ಲ. ನನಗೆ ನಿಜವಾಗಿ ದುಃಖವಾಯಿತು.

ಇಂಥ ಹೋಟ್ಲುಗಳು ಒಂದೊಂದೇ ಮುಚ್ತಿವೆಯಲ್ಲ, ಯಾಕೆ?

ಜಾಗದ ಬೆಲೆ ಮೊದಲನೆಯದು. ಮಲ್ಲೇಶ್ವರದ ಮುಖ್ಯ ರಸ್ತೆಯಲ್ಲಿ ಇಡ್ಲಿ ಮಾರಿ ಬರುವ ದುಡ್ಡು ಒಂದು ಕಡೆ, ಆ ನೆಲದ ಬೆಲೆ ಇನ್ನೊಂದು ಕಡೆ. ಸಂಪಿಗೆ ರಸ್ತೆಯ ನ್ಯೂ ಕೃಷ್ಣ ಭವನ 2023ರ ಡಿಸೆಂಬರಿನಲ್ಲಿ ಮುಚ್ಚಿತು. ಕೊನೆಯ ದಿನಗಳಲ್ಲಿ ಜನ ಮಕ್ಕಳು ಮರಿ ಕಟ್ಟಿಕೊಂಡು ಹೋಗಿ ತಿಂದು ಬಂದರು.

ಕೆಲಸಗಾರರು ಸಿಗದಿರುವುದು ಎರಡನೆಯದು. ಕರಾವಳಿಯ ಹುಡುಗರು ಈಗ ಓದಿ ಬೇರೆ ಕೆಲಸಕ್ಕೆ ಹೋಗುತ್ತಾರೆ, ಹೋಗಲೂಬೇಕು. ಯಜಮಾನರ ಮಕ್ಕಳೂ ಅಷ್ಟೇ. ದಿನಾ ನಾಲ್ಕಕ್ಕೆ ಎದ್ದು ಒಲೆ ಹಚ್ಚು ಅಂತ ಅವರಿಗೆ ಹೇಳುವ ಹಕ್ಕು ನಮಗಿಲ್ಲ.

ಎಂಟಿಆರ್ ಕೂಡ ಒಮ್ಮೆ ಮುಚ್ಚಿತ್ತು. ತುರ್ತು ಪರಿಸ್ಥಿತಿಯಲ್ಲಿ ಸರ್ಕಾರ ತಿಂಡಿಗಳಿಗೆ ಬೆಲೆ ಕಟ್ಟಿತು. ಆ ಬೆಲೆಗೆ ಅದೇ ತುಪ್ಪ, ಅದೇ ಗೋಡಂಬಿ ಹಾಕೋಕೆ ಸಾಧ್ಯವಿರಲಿಲ್ಲ. ರುಚಿ ಇಳಿಸುವ ಬದಲು ಬಾಗಿಲು ಹಾಕಿದರು. ಕೆಲಸಗಾರರನ್ನು ಕೈಬಿಡದೆ ಮನೆಯಲ್ಲೇ ಮಾಡಿಕೊಳ್ಳುವ ಹಿಟ್ಟು, ಪುಡಿ ಪೊಟ್ಟಣ ಕಟ್ಟತೊಡಗಿದರು. ಈಗ ಅಂಗಡಿಗಳಲ್ಲಿ ಸಿಗುವ ರವೆ ಇಡ್ಲಿ ಮಿಕ್ಸ್ ಬೆಳೆದದ್ದು ಹಾಗೆ. 2007ರಲ್ಲಿ ಆ ಪೊಟ್ಟಣದ ವ್ಯಾಪಾರ ನಾರ್ವೆಯ ಓರ್ಕ್ಲಾ ಕಂಪನಿಗೆ ಹೋಯಿತು. ಹೋಟ್ಲು ಮಾತ್ರ ಮಯ್ಯರ ಮನೆಯವರ ಕೈಯಲ್ಲೇ ಉಳಿದಿದೆ.

ನಮ್ಮ ಏರಿಯಾದ ಹಳೇ ಹೋಟ್ಲು ಉಳೀಬೇಕು ಅಂದ್ರೆ ನಾವೇನ್ ಮಾಡ್ಬಹುದು?

ವಾರದ ದಿನ ಹೋಗಿ. ಭಾನುವಾರದ ಕ್ಯೂ ನೋಡೋಕೆ ಚೆಂದ, ಆದರೆ ಹೋಟ್ಲು ನಡೆಯುವುದು ಮಂಗಳವಾರ ಸಂಜೆಯ ಗಿರಾಕಿಯಿಂದ. ಆ್ಯಪಿನಲ್ಲಿ ತರಿಸುವ ಬದಲು ಅಲ್ಲೇ ಹೋಗಿ ತಿನ್ನಿ. ಆ್ಯಪಿನ ಕಮಿಷನ್ ಅವರ ಲಾಭದಿಂದಲೇ ಹೋಗುತ್ತದೆ, ಡಬ್ಬಿಯೊಳಗೆ ಬೆವರಿದ ದೋಸೆಯೂ ಮೆತ್ತಗಾಗಿರುತ್ತದೆ. ಬೆಲೆ ಐದು ರೂಪಾಯಿ ಏರಿಸಿದರೆ ಜಗಳ ಆಡಬೇಡಿ. ಚಟ್ನಿ ಚೆನ್ನಾಗಿದ್ದರೆ ಚೆನ್ನಾಗಿದೆ ಅನ್ನಿ. ಗಲ್ಲಾದಲ್ಲಿ ಅಲ್ಲ, ಸಾಧ್ಯವಾದರೆ ಒಳಗೆ ಇಣುಕಿ ಭಟ್ಟರಿಗೇ ಹೇಳಿ.